ಬಿಸಿಲಿಗೆ ಹಿಗ್ಗಿದ ಬಾಗಿಲು

"ಲೋಹ ಹಾಕೋ ಹಾಗಿಲ್ಲ ಕಣಮ್ಮಾ," ಎಂದು ಶವಪೆಟ್ಟಿಗೆ ಹೊರಿಸುವ ಕಂಪನಿಯವನು ಎರಡನೇ ಸಲ ಹೇಳಿ, ಲೊರೇನಳ ಅಂಗೈಯಲ್ಲಿದ್ದ ಬೀಗದ ಕೈಯನ್ನು ಅವಳ ಬೆರಳುಗಳಿಂದಲೇ ಮೆಲ್ಲಗೆ ಮುಚ್ಚಿಸಿದ. "ಸುಡೋ ಕುಲುಮೆಗೆ ಆಗಿಬರಲ್ಲ. ಮೊನ್ನೆ ಒಬ್ಬರು ಗಾಲ್ಫ್ ದಾಂಡು ತಂದಿದ್ರು, ಅವರಿಗೂ ಇದೇ ಹೇಳ್ದೆ. ಒಂದು ಚೀಟಿ ಬರ್ದು ಕೊಡಿ, ಪೆಟ್ಟಿಗೆ ಮೇಲೆ ಇಡ್ತೀನಿ. ಕಾಗದಕ್ಕೆ ಅಡ್ಡಿಯಿಲ್ಲ."

ಚೀಟಿಯಲ್ಲಿ ಏನು ಬರೆಯುವುದು? ಬರೆಯುವಂಥದ್ದಾಗಿದ್ದರೆ ಹದಿನಾರು ವರ್ಷದಲ್ಲಿ ಎಂದೋ ಬರೆದು ಅಂಚೆಗೆ ಹಾಕಿರುತ್ತಿದ್ದಳು. ಲೊರೇನ್ ತಲೆಯಾಡಿಸಿ, ಕೈಯನ್ನು ಕೋಟಿನ ಜೇಬಿಗೆ ಇಳಿಬಿಟ್ಟು, ಚಿತಾಗಾರದ ಸಭಾಂಗಣದಲ್ಲಿ ಎರಡನೇ ಸಾಲಿಗೆ ಹೋಗಿ ಕೂತಳು.

ಆ ಬೀಗದ ಕೈಯನ್ನು ಅವಳು ಅಪ್ಪನಿಗೆ ವಾಪಸ್ ಕೊಡಲೆಂದೇ ತಂದಿದ್ದಳು. ಅದು ಆಲ್ಮಾ ಬೀದಿಯ ಮನೆಯ ಮುಂಬಾಗಿಲಿನದು. ಆ ಬಾಗಿಲಿನ ಬೀಗವನ್ನು ಅಪ್ಪ ಬದಲಾಯಿಸಿ ಹದಿನಾರು ವರ್ಷವಾಯಿತು, ತನ್ನನ್ನು ಹೊರಗಿಡುವುದಕ್ಕೇ ಬದಲಾಯಿಸಿದ ಎಂದು ಅವಳು ನಂಬಿದ್ದಳು. ಯಾವ ಬಾಗಿಲನ್ನೂ ತೆರೆಯದ ಬೀಗದ ಕೈಯನ್ನು ಅಷ್ಟು ವರ್ಷ ಪರ್ಸಿನಲ್ಲಿಟ್ಟುಕೊಂಡು ತಿರುಗಿದ್ದಳು. ಬಿಸಾಡಲು ಮನಸ್ಸು ಬಂದಿರಲಿಲ್ಲ, ಅಷ್ಟೆ.

ಮುಂದಿನ ಸಾಲಿನಿಂದ ಅಮ್ಮ ಬ್ರೆಂಡಾ ಹಿಂದಕ್ಕೆ ಕೈಚಾಚಿ ಅವಳ ತೋಳು ಹಿಡಿದೆಳೆದಳು. "ಮುಂದೆ ಬಾ. ಹೆತ್ತ ಮಗಳು ಎರಡನೇ ಸಾಲಲ್ಲಿ ಕೂರೋದುಂಟಾ?"

ಅಪ್ಪ ನೆವಿಲ್ ಟ್ಯಾಟರ್ಸಾಲ್ ಬದುಕಿದ್ದಾಗ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ. ಹತ್ತಿದ್ದರೂ ಅಲ್ಲಿನ ಕಿಟಕಿಯ ಚಿಲಕ ಸರಿಮಾಡಲು ಹತ್ತಿದ್ದಿರಬೇಕು. ಹಾಗಾಗಿ ನಾಲ್ಕು ಮಾತಾಡಲು ದುಡ್ಡು ಕೊಟ್ಟು ಕರೆಸಿದ ಒಬ್ಬ ಹೆಂಗಸು, ಅವನನ್ನು ಒಮ್ಮೆಯೂ ಕಂಡವಳಲ್ಲ, ಹಾಳೆ ನೋಡಿಕೊಂಡು ಓದಿದಳು. "ಬರ್ನ್ಲಿಯಲ್ಲಿ ನೆವಿಲ್ ತೆರೆದ ಬಾಗಿಲುಗಳಿಗೆ ಲೆಕ್ಕವಿಲ್ಲ," ಎಂದಳು.

"ಮುಚ್ಚಿದ್ದೂ ಉಂಟು," ಎಂದು ಪಕ್ಕದ ಮನೆಯ ಮಾವಿಸ್ ತನಗೆ ತಾನೇ ಹೇಳಿಕೊಂಡಳು. ಮಾವಿಸಳಿಗೆ ಎಂಬತ್ತಮೂರು ವರ್ಷ, ಕಿವಿ ಮಂದ. ಅವಳು ತನಗೆ ತಾನೇ ಹೇಳಿಕೊಂಡರೆ ಮೂರು ಸಾಲಿಗೆ ಕೇಳುತ್ತದೆ.

ಪರದೆ ಎರಡೂ ಕಡೆಯಿಂದ ಸರಿದು ಬಂದು ಪೆಟ್ಟಿಗೆಯನ್ನು ಮರೆಮಾಡಿತು. ಲೊರೇನ್ ಜೇಬಿನಲ್ಲಿ ಬೀಗದ ಕೈಯನ್ನು ಹಲ್ಲು ಒತ್ತುವಷ್ಟು ಬಿಗಿಯಾಗಿ ಹಿಡಿದಿದ್ದಳು. ಅಳು ಬರಲಿಲ್ಲ. ಕೊಡಬೇಕಾದ್ದನ್ನು ಕೊಡಲಾಗಲಿಲ್ಲವಲ್ಲ ಎಂಬ ಒಂದು ಬಗೆಯ ಮುಜುಗರ ಮಾತ್ರ ಉಳಿಯಿತು.

ಹೊರಗೆ ಬಿಸಿಲು ಧಗಧಗಿಸುತ್ತಿತ್ತು. ಜೂನ್ ತಿಂಗಳಲ್ಲಿ ಆ ಊರಿಗೆ ಅಂಥ ಬಿಸಿಲು ಬಿದ್ದರೆ ಜನ ಒಂದು ದಿನ ಹಿಗ್ಗುತ್ತಾರೆ, ಎರಡನೇ ದಿನ ಗೊಣಗುತ್ತಾರೆ. ಅದು ಐದನೇ ದಿನ. ಕರಿಕೋಟು ಹಾಕಿದ ಗಂಡಸರೆಲ್ಲ ಬೆವರೊರೆಸಿಕೊಳ್ಳುತ್ತ ಹೂವಿನ ಸುತ್ತ ನಿಂತಿದ್ದರು.

"ನಾನು ಇಲ್ಲಿಂದಲೇ ಹೊರಡ್ತೀನಿ ಅಮ್ಮಾ," ಎಂದಳು ಲೊರೇನ್. "ಲೀಡ್ಸಿಗೆ ಎರಡೂಕಾಲಿಗೆ ರೈಲಿದೆ."

ಬ್ರೆಂಡಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. "ಹದಿನಾರು ವರ್ಷ ನಿನ್ನ ಹ್ಯಾಲಿಫ್ಯಾಕ್ಸಿನ ಬಸ್ ನಿಲ್ದಾಣದ ಕಾಫಿ ಅಂಗಡೀಲಿ ನೋಡಿದ್ದೀನಿ. ಅಪ್ಪನ ಮಾತು ಎತ್ತಿದ್ರೆ ಎದ್ದು ಹೋಗ್ತೀನಿ ಅಂದೆ, ಎತ್ತಲಿಲ್ಲ. ಮನೆಗೆ ಬಾ ಅಂದ್ರೆ ಎದ್ದು ಹೋಗ್ತೀನಿ ಅಂದೆ, ಕರೀಲಿಲ್ಲ. ಇವತ್ತು ಕರೀತಿದ್ದೀನಿ. ಎದ್ದು ಹೋಗೋದಾದ್ರೆ ಹೋಗು."

"ಹ್ಯಾಮ್ ತರಿಸಿದ್ದೀವಿ ಕಣೇ, ಮೂಳೆ ಸಮೇತ ಬೇಯಿಸಿದ್ದು," ಎಂದು ಮಾವಿಸ್ ಅವಳ ಇನ್ನೊಂದು ತೋಳಿಗೆ ಜೋತುಬಿದ್ದಳು. "ನಿಮ್ಮಪ್ಪನ್ನ ಮರ್ಯಾದೆಯಾಗಿ ಕಳಿಸಬೇಕು ತಾನೆ? ಬಾ, ನಂಗೆ ಕಾರಿನ ತನಕ ಊರುಗೋಲು ಬೇಕು."

*

ಅಪ್ಪ ಮಗಳ ಜಗಳ ಆಗಿದ್ದು ಒಂದು ಕಿಟಕಿಯ ಹಿಡಿಕೆಯ ಮೇಲೆ.

ಆ ಊರಲ್ಲಿ ಪ್ಲಾಸ್ಟಿಕ್ ಚೌಕಟ್ಟಿನ ಜೋಡಿಗಾಜಿನ ಬಾಗಿಲು ಕಿಟಕಿ ಇಲ್ಲದ ಮನೆಯಿಲ್ಲ. ಗಾಜು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೆಡುವುದು ಹಿಡಿಕೆ, ಅದರೊಳಗಿನ ಸ್ಪ್ರಿಂಗು, ಬೀಗದ ಕೊಕ್ಕೆ. ನೆವ್ ಅವನ್ನು ಸರಿಮಾಡುತ್ತಿದ್ದ. ಎಲ್ಲರೂ ಅವನನ್ನು ನೆವ್ ಎಂದೇ ಕರೆಯುತ್ತಿದ್ದರು. ಹೋಗುವುದು, ಎರಡು ತಿರುಪು ಬಿಚ್ಚುವುದು, ಕೆಟ್ಟದ್ದನ್ನು ತೆಗೆದು ಒಳ್ಳೆಯದನ್ನು ಹಾಕುವುದು, ಒಂದು ಕಪ್ ಚಹಾ ಕುಡಿಯುವುದು. ಲೊರೇನ್ ಆರು ವರ್ಷ ಅವನ ಜೊತೆ ವ್ಯಾನಿನಲ್ಲಿ ಓಡಾಡಿ ಕೆಲಸ ಕಲಿತಳು. ಬಾಗಿಲು ಮುಚ್ಚುವ ಸದ್ದು ಕೇಳಿಯೇ ಯಾವ ಕೊಕ್ಕೆ ಸವೆದಿದೆ ಎಂದು ಹೇಳುವಷ್ಟು ಕಲಿತಳು.

ಆಮೇಲೆ ಹೊಸ ಕಿಟಕಿ ಮಾರುವ ಒಂದು ದೊಡ್ಡ ಕಂಪನಿ ಅವಳಿಗೆ ಕಾರು ಕೊಟ್ಟು, ಕೋಟು ತೊಡಿಸಿ, ಕರೆದುಕೊಂಡಿತು. ಅಪ್ಪ ಅಡ್ಡ ಬರಲಿಲ್ಲ. "ಹೋಗು, ನಿನ್ನ ಮಂಡಿನಾದ್ರೂ ಉಳಿಯುತ್ತೆ," ಎಂದ.

ಒಂದು ಗುರುವಾರ ಸಂಜೆ ಅವನು ಅಡುಗೆಮನೆಗೆ ಬಂದು, ಜೇಬಿನಿಂದ ಒಂದು ಬಿಳಿ ಹಿಡಿಕೆ ತೆಗೆದು ಮೇಜಿನ ಮೇಲಿಟ್ಟ.

"ಇದು ಮಿಸೆಸ್ ಕ್ರಾಬ್‌ಟ್ರೀದು. ಮಲಗೋ ಕೋಣೆ ಕಿಟಕಿಗೆ. ಹೋದ ವಾರ ಫೋನ್ ಮಾಡಿದ್ಲು. ಇವತ್ತು ಹಾಕೋಣ ಅಂತ ಹೋದೆ."

ಲೊರೇನ್ ತಲೆಯೆತ್ತಲಿಲ್ಲ.

"ಹೋದ್ರೆ ಒಂಬತ್ತೂ ಕಿಟಕಿ ಕಿತ್ತು ಕಸದ ತೊಟ್ಟೀಲಿ ಬಿದ್ದಿದ್ವು. ಒಂಬತ್ತೂ ಚೆನ್ನಾಗಿದ್ವು. ಯಾರೋ ಒಳ್ಳೆ ಹುಡುಗಿ ಬಂದು, ಚೌಕಟ್ಟೆಲ್ಲ ಹೋಗಿದೆ ಅಂದ್ಲಂತೆ. 'ನಿನ್ನ ಮಗಳೇ ಅಲ್ವಾ ನೆವ್, ಅದಕ್ಕೇ ನಂಬಿದೆ' ಅಂತಾಳೆ ಮುದುಕಿ."

"ಅವರೇ ಸಹಿ ಹಾಕಿದ್ದು ಅಪ್ಪಾ. ನಾನೇನು ಕತ್ತು ಹಿಡಿದು ಹಾಕಿಸ್ಲಿಲ್ಲ."

"ಇಪ್ಪತ್ತು ನಿಮಿಷದ ಕೆಲಸ ಅದು. ನಿಂಗೊತ್ತಿತ್ತು. ಬೇರೆಯವರು ಮಾಡಿದ್ರೆ ತಿಳೀದೆ ಮಾಡಿದ್ರು ಅನ್ಬಹುದು. ನಿಂಗೆ ನಾನು ಕಲಿಸಿದ್ದು."

ಮಾತಿಗೆ ಮಾತು ಬೆಳೆಯಿತು. ಅವನ ಹಳೇ ವ್ಯಾನು, ಅವನ ಸಣ್ಣ ಬುದ್ಧಿ, ಊರೆಲ್ಲ ಅವನನ್ನು ಬಳಸಿಕೊಳ್ಳುವುದು, ಎಲ್ಲ ಅವಳ ಬಾಯಿಂದ ಬಂತು. ತಪ್ಪು ತನ್ನದೆಂದು ತಿಳಿದಿದ್ದಕ್ಕೇ ಅವಳು ಅಷ್ಟು ಜೋರಾಗಿ ಕೂಗಿದ್ದು. ಕೊನೆಗೆ ನೆವ್ ಬಾಗಿಲ ಕಡೆ ಬೆರಳು ತೋರಿಸಿ ಹೇಳಿದ: "ನಾಳೆ ಬೆಳಗ್ಗೆ ಎದ್ದು ಮೊದಲ ಕೆಲಸ, ಈ ಮನೆ ಬೀಗ ಬದಲಾಯಿಸೋದು."

"ಬದಲಾಯಿಸ್ಕೋ. ನಿಂಗೆ ಬರೋದು ಅದೊಂದೇ," ಎಂದು ಲೊರೇನ್ ಮನೆ ಬಿಟ್ಟು ಲೀಡ್ಸಿಗೆ ಹೊರಟುಹೋದಳು.

ಬೇರೆ ಅಪ್ಪಂದಿರು ಇಂಥ ಮಾತನ್ನು ಸಿಟ್ಟಿಗೆ ಆಡಿ ಮರೆತುಬಿಡುತ್ತಾರೆ, ಮಕ್ಕಳೂ ಮರೆಯುತ್ತಾರೆ. ಆದರೆ ಬೀಗದ ಕೆಲಸದವನು ಬೀಗ ಬದಲಾಯಿಸುತ್ತೇನೆ ಎಂದರೆ ಅದು ಬರೀ ಬಾಯಿಮಾತು ಎಂದು ಮಗಳಿಗೆ ಅನಿಸುವುದಾದರೂ ಹೇಗೆ? ಅವನ ಚೀಲದಲ್ಲಿ ಯಾವಾಗಲೂ ನಾಲ್ಕು ಹೊಸ ಬೀಗ ಇದ್ದೇ ಇರುತ್ತಿದ್ದವು.

*

ಆಲ್ಮಾ ಬೀದಿಯ ಮನೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡೇ ಇವೆ. ಬೆಳಗ್ಗೆ ಶವದ ಕಾರು ಹೋಗುವಾಗ ಮರ್ಯಾದೆಗೆಂದು ಎಳೆದ ಪರದೆಗಳನ್ನು ಯಾರೂ ಇನ್ನೂ ಸರಿಸಿರಲಿಲ್ಲ. ಟ್ಯಾಟರ್ಸಾಲರ ಮುಂಬಾಗಿಲು ಹಾರುಹೊಡೆದಿತ್ತು. ಗಾಳಿಗೆ ಮುಚ್ಚಿಕೊಳ್ಳದಿರಲಿ ಎಂದು ಯಾರೋ ನೆವ್‌ನ ಸಲಕರಣೆಯ ಚೀಲವನ್ನೇ ಅದಕ್ಕೆ ಒತ್ತಾಗಿ ಇಟ್ಟಿದ್ದರು.

ಲೊರೇನ್ ಬಾಗಿಲಲ್ಲಿ ನಿಂತಳು. ಬಾಗಿಲು ಅದೇ, ಬಿಳಿ ಹಳದಿಗೆ ತಿರುಗಿತ್ತು. ಮೇಲೆ ಅರ್ಧಚಂದ್ರದಂಥ ಮಸುಕು ಗಾಜು. ಹಿಡಿಕೆ ಮಾತ್ರ ಬೇರೆ. ಅವಳಿದ್ದಾಗ ಬಿಳಿಯದಿತ್ತು, ಈಗ ಚಿನ್ನದ ಬಣ್ಣದ್ದು. ಆ ಚಿನ್ನದ ಬಣ್ಣದ ಹಿಡಿಕೆಯನ್ನು ಅವಳು ಹಿಂದೊಮ್ಮೆ ನೋಡಿದ್ದಳು. ಅವಳು ಅದನ್ನು ಮುಟ್ಟದೆ, ಚೀಲವನ್ನು ದಾಟಿ ಒಳಗೆ ಹೋದಳು.

ಒಳಗೆ ಹದಿನೈದಿಪ್ಪತ್ತು ಜನ, ಎಲ್ಲರ ಕೈಯಲ್ಲೂ ತಟ್ಟೆ. ಸತ್ತ ಮನೆಯಲ್ಲಿ ಮೊದಲ ಕಪ್ ಚಹಾ ಮುಗಿಯುವ ತನಕ ಪಿಸುಮಾತು, ಎರಡನೇ ಕಪ್ಪಿಗೆ ನಗು. ಆಗಲೇ ಎರಡನೇ ಕಪ್ ಶುರುವಾಗಿತ್ತು.

"ನಾನೇ ಹೋಗಿ ಕಿಟಕಿ ತೆಗೆದಿದ್ದು," ಎನ್ನುತ್ತಿದ್ದಳು ಮಾವಿಸ್. ಸೋಫಾದಲ್ಲಿ ಕೂತು, ಹ್ಯಾಮ್ ಸ್ಯಾಂಡ್‌ವಿಚ್ಚನ್ನು ನಾಲ್ಕು ತುಂಡು ಮಾಡಿಕೊಂಡಿದ್ದಳು. "ಬೆಳಗ್ಗೆ ಏಳು ಗಂಟೆಗೆ ಬ್ರೆಂಡಾ ಆಚೆಯಿಂದ ಗೋಡೆ ಬಡಿದ್ಲು. ಹೋಗಿ ನೋಡಿದ್ರೆ ನಿದ್ದೇಲೇ ಹೋಗಿದ್ದಾನೆ, ಬಾಯಿ ಸ್ವಲ್ಪ ತೆರೆದುಕೊಂಡು, ಏನೋ ಹೇಳೋಕೆ ಹೊರಟೋನ ಹಾಗೆ. ನಾನು ಮೊದಲು ಕಿಟಕಿ ತೆಗೆದೆ. ಜೀವ ಹೊರಗೆ ಹೋಗ್ಬೇಕಲ್ಲ. ನಮ್ಮವ್ವ ಸತ್ತಾಗ ಕಿಟಕಿ ಕಚ್ಚಿಕೊಂಡು, ಅಣ್ಣ ಸುತ್ತಿಗೆ ತರೋ ತನಕ ಅವ್ವ ಪಾಪ ಕಾಯ್ಬೇಕಾಯ್ತು. ನೆವ್‌ನ ಕಿಟಕಿ ಒಂದೇ ಬೆರಳಲ್ಲಿ ತೆಗೀತು. ಬೆಣ್ಣೆ!"

"ಹಾಗಾದ್ರೆ ತಡ ಇಲ್ಲದೆ ಹೊರಟಿದ್ದಾನೆ," ಎಂದ ಇಕ್ಬಾಲ್. "ನನ್ನ ಅಂಗಡೀಗೆ ಮಾತ್ರ ಜೀವಮಾನದಲ್ಲಿ ಹೇಳಿದ ಹೊತ್ತಿಗೆ ಬಂದವನಲ್ಲ."

ಇಕ್ಬಾಲನದು ಕಾಲುವೆ ದಂಡೆಯಲ್ಲಿ ಬೀಗ, ಹಿಡಿಕೆ, ತಿರುಪುಗಳ ಅಂಗಡಿ. ಮೂವತ್ತು ವರ್ಷದಿಂದ ನೆವ್ ಅಲ್ಲೇ ಸಾಮಾನು ಕೊಳ್ಳುತ್ತಿದ್ದ, ಕೊಳ್ಳದ ದಿನವೂ ಗಲ್ಲೆಗೆ ಆತುಕೊಂಡು ಹರಟುತ್ತಿದ್ದ. ಇಕ್ಬಾಲ್ ಹಂದಿಮಾಂಸದ ಹ್ಯಾಮ್ ಮುಟ್ಟುವವನಲ್ಲ, ಅವನಿಗೆಂದು ಬ್ರೆಂಡಾ ಮೊಟ್ಟೆಯದು ಮಾಡಿಸಿದ್ದಳು. ಲೊರೇನಳನ್ನು ಕಂಡವನೇ ಎದ್ದು ನಿಂತು ಕುರ್ಚಿ ಬಿಟ್ಟುಕೊಟ್ಟ.

"ಕೂತ್ಕೋ ಮಗಾ. ನಿಮ್ಮಪ್ಪನ ಒಂದು ಕತೆ ಹೇಳ್ತಿದ್ದೆ. ಈ ಬೀದೀಲಿ ಕಳ್ಳರ ಕಾಟ ಶುರುವಾಗಿತ್ತಲ್ಲ, ಹನ್ನೆರಡು ವರ್ಷ ಆಯ್ತಾ ಮಾವಿಸ್?"

"ಹದಿಮೂರು. ನನ್ನ ಟಿವಿ ಹೋಯ್ತಲ್ಲ."

"ಹಾಂ. ಹಳೇ ಸಿಲಿಂಡರು," ಎಂದು ಇಕ್ಬಾಲ್ ಉಳಿದವರಿಗೆ ಹೆಬ್ಬೆರಳೆತ್ತಿ ತೋರಿಸಿದ. "ಕೀ ಹಾಕ್ತೀವಲ್ಲ, ಆ ಹಿತ್ತಾಳೆ ತುಂಡು, ಇಷ್ಟೇ ಇರುತ್ತೆ. ಇಕ್ಕಳದಲ್ಲಿ ಹಿಡಿದು ಒಂದು ಸಲ ತಿರುಚಿದ್ರೆ ಲಟಕ್ ಅಂತ ಮುರಿಯೋದು. ಹತ್ತು ಸೆಕೆಂಡ್ ಸಾಕು. ನೆವ್ ಮನೆಮನೆ ಬಾಗಿಲು ತಟ್ಟಿದ. ಇದು ಬದಲಾಯಿಸಿ, ಮುರಿಯದಂಥದ್ದು ಬಂದಿದೆ, ನಾನೇ ಹಾಕಿಕೊಡ್ತೀನಿ ಅಂತ. ನನ್ನ ಅಂಗಡೀಗೆ ಬಂದು, ಮೂವತ್ತು ಕೊಡು ಅಂದ. ಬೀದೀಲಿ ಮನೆ ಎಷ್ಟಪ್ಪಾ ಅಂದೆ. ಮೂವತ್ತೊಂದು ಅಂದ. ಮತ್ತೆ ಇನ್ನೊಂದು? ಅಂದೆ. 'ಮೂವತ್ತು ಸಾಕು' ಅಂದ!"

ಎಲ್ಲರೂ ನಕ್ಕರು. "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದಳು ಮಾವಿಸ್. "ಬೀದಿಗೆಲ್ಲ ಬುದ್ಧಿ ಹೇಳಿ, ತನ್ನ ಬಾಗಿಲಿಗೆ ಮಾತ್ರ ಆ ಸವಕಲು ಬೀಗ. ನಾನು ಎಷ್ಟು ಬೈದಿದ್ದೀನಿ."

"ನಾನೇ ಬಿಟ್ಟಿ ಕೊಡ್ತೀನಿ ಅಂದೆ ಕಣಮ್ಮಾ. ಹಬ್ಬಕ್ಕೆ ಉಡುಗೊರೆ ಅಂತ ಕಾಗದ ಸುತ್ತಿ ಕೊಟ್ಟೆ. ಅದನ್ನೂ ತಗೊಂಡು ಹೋಗಿ ಇನ್ಯಾರದೋ ಬಾಗಿಲಿಗೆ ಹಾಕಿದ."

ಲೊರೇನ್ ತಟ್ಟೆಯನ್ನು ಕುರ್ಚಿಯ ತೋಳಿನ ಮೇಲಿಟ್ಟಳು. "ಯಾವ ಬಾಗಿಲು ಇಕ್ಬಾಲ್ ಅಂಕಲ್? ಹಿಂಬಾಗಿಲಾ?"

"ಹಿಂಬಾಗಿಲಿಗೆ ಬರೀ ಅಗುಳಿ ಮಗಾ. ಮುಂಬಾಗಿಲು. ಇದೇ, ಚೀಲ ಇಟ್ಟಿದ್ದಾರಲ್ಲ."

"ಅದರ ಸಿಲಿಂಡರ್ ಯಾವ ಕಾಲದ್ದು?"

"ಬಾಗಿಲ ಜೊತೆ ಬಂದಿದ್ದು. ತೊಂಬತ್ತೆಂಟೋ ಏನೋ. ಹ್ಯಾಂಡಲ್ ಎರಡು ಸಲ ಬದಲಾಯಿಸಿದ, ಒಳಗಿನ ಕೊಕ್ಕೆಪಟ್ಟಿ ಒಂದು ಸಲ. ಸಿಲಿಂಡರ್ ಮಾತ್ರ ಮುಟ್ಟಲಿಲ್ಲ. ಪ್ರತಿ ಸಲ ಅದನ್ನ ಜೋಪಾನವಾಗಿ ತೆಗೆದು ಮತ್ತೆ ಅದನ್ನೇ ಹಾಕಿದ."

ಇನ್ನೂ ಯಾರೋ ನಗುತ್ತಿದ್ದರು. ಲೊರೇನಳಿಗೆ ಆ ನಗು ಎಲ್ಲೋ ದೂರದಿಂದ ಬಂದಂತೆ ಕೇಳಿಸಿತು. ಎದ್ದು ಅಡುಗೆಮನೆಗೆ ಹೋದಳು.

*

ಜಗಳವಾದ ಮರುವರ್ಷ, ಜುಲೈ ತಿಂಗಳ ಒಂದು ಶನಿವಾರ ಅವಳು ಬಂದಿದ್ದಳು.

ಕಂಪನಿ ಕೆಲಸ ಬಿಟ್ಟು ಮೂರು ದಿನವಾಗಿತ್ತು. ಮಿಸೆಸ್ ಕ್ರಾಬ್‌ಟ್ರೀಯಂಥ ಇನ್ನೂ ಆರೇಳು ಮುದುಕಿಯರ ಮುಖ ಕಣ್ಣಿಗೆ ಕಟ್ಟಿ, ಕಾರಿನ ಕೀ ಮೇಜಿನ ಮೇಲೆ ಎಸೆದು ಬಂದಿದ್ದಳು. ಅಪ್ಪನಿಗೆ ಹೇಳಬೇಕಾದ್ದು ಎರಡೇ ಮಾತು: ಬಿಟ್ಟೆ, ನೀನು ಹೇಳಿದ್ದು ಸರಿ. ರೈಲಿನಲ್ಲಿ ಲೀಡ್ಸಿನಿಂದ ಬರ್ನ್ಲಿಯ ತನಕ ಅದನ್ನೇ ಬಾಯಲ್ಲಿಟ್ಟುಕೊಂಡು ಬಂದಳು.

ಮಧ್ಯಾಹ್ನ ಮೂರು ಗಂಟೆ. ಬೀದಿ ಖಾಲಿ. ಅಪ್ಪನ ವ್ಯಾನು ಮನೆಯೆದುರೇ ನಿಂತಿತ್ತು. ಬಾಗಿಲಿಗೆ ಚಿನ್ನದ ಬಣ್ಣದ ಹೊಸ ಹಿಡಿಕೆ. ಅದನ್ನು ನೋಡಿದೊಡನೆ ಹೆಜ್ಜೆ ನಿಲ್ಲಿಸಿದಳು. ಆದರೂ ಬೀಗದ ಕೈ ಹಾಕಿದಳು. ಒಳಗೆ ಹೋಯಿತು. ತಿರುಗಿಸಿದಳು. ತಿರುಗಲಿಲ್ಲ. ಮತ್ತೊಮ್ಮೆ, ಬೆರಳು ನೋಯುವಷ್ಟು ಒತ್ತಿ ತಿರುಗಿಸಿದಳು. ಇಲ್ಲ.

ಗಂಟೆ ಒತ್ತಬಹುದಿತ್ತು. ಬೆರಳು ಅಲ್ಲಿಯ ತನಕ ಹೋಗಿ ವಾಪಸ್ ಬಂತು. ಹೇಳಿದಂತೆ ಮಾಡಿದವನ ಮನೆಯ ಗಂಟೆ ಒತ್ತಿ, ಒಳಗೆ ಬಿಡುತ್ತೀಯಾ ಎಂದು ಕೇಳುವುದೇ? ಇದೇ ಅವನ ಉತ್ತರ ಎಂದುಕೊಂಡಳು. ಹಿಡಿಕೆ ಬೇರೆ, ಬೀಗ ಬೇರೆ ಎಂದು ಬೇರೆಯವರಿಗೆ ನೂರು ಸಲ ವಿವರಿಸಿದ್ದವಳಿಗೆ ತನ್ನ ಮನೆಯ ಬಾಗಿಲಲ್ಲಿ ಅದು ಹೊಳೆಯಲಿಲ್ಲ. ಸಿಟ್ಟಿಗೆ ಕಣ್ಣಿಲ್ಲ. ಬಂದ ರೈಲೇ ವಾಪಸ್ ಹೋಗುವ ಹೊತ್ತಿಗೆ ಅವಳು ಅದರಲ್ಲಿ ಕೂತಿದ್ದಳು.

*

ಇಕ್ಬಾಲ್ ಖಾಲಿ ಕಪ್ಪು ಹಿಡಿದು ಅವಳ ಹಿಂದೆಯೇ ಅಡುಗೆಮನೆಗೆ ಬಂದ. ಬ್ರೆಂಡಾ ಕೆಟಲಿಗೆ ನೀರು ತುಂಬಿಸುತ್ತಿದ್ದಳು. ಲೊರೇನ್ ಜೇಬಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು, ಅಪ್ಪ ಆ ಹಿಡಿಕೆಯನ್ನಿಟ್ಟ ಜಾಗದಲ್ಲೇ.

"ಇದು ತಿರುಗಲಿಲ್ಲ ಅಂಕಲ್. ನಾನು ಬಂದಿದ್ದೆ. ಹಾಕಿ ನೋಡ್ದೆ."

ಬ್ರೆಂಡಾ ನಲ್ಲಿ ನಿಲ್ಲಿಸಿದಳು. "ಬಂದಿದ್ಯಾ? ಯಾವಾಗ?"

"ಮರುವರ್ಷ. ಜುಲೈನಲ್ಲಿ, ಒಂದು ಶನಿವಾರ. ಅಪ್ಪ ಬೀಗ ಬದಲಾಯಿಸಿದ್ದ."

"ಬದಲಾಯಿಸಿಲ್ವಲ್ಲೇ..."

"ತಡಿ ಬ್ರೆಂಡಾ," ಎಂದ ಇಕ್ಬಾಲ್. ಬೀಗದ ಕೈಯನ್ನು ಬೆಳಕಿಗೆ ಹಿಡಿದು, ಅದರ ಹಲ್ಲುಗಳನ್ನು ಡಾಕ್ಟರು ನಾಲಿಗೆ ನೋಡುವ ಹಾಗೆ ನೋಡಿದ. "ಪೂರ್ತಿ ಒಳಗೆ ಹೋಯ್ತಾ?"

"ಬುಡದ ತನಕ."

"ಆಚೀಚೆ ಒಂಚೂರಾದ್ರೂ ಅಲ್ಲಾಡ್ತಾ, ಇಲ್ಲಾ ಕಲ್ಲು ನಿಂತ ಹಾಗೆ ನಿಂತಿತ್ತಾ?"

ಲೊರೇನ್ ಕಣ್ಣು ಮುಚ್ಚಿಕೊಂಡಳು. ಹದಿನೈದು ವರ್ಷದ ಹಿಂದಿನದು ಬೆರಳಿಗೆ ನೆನಪಿತ್ತು. "ಸ್ವಲ್ಪ ತಿರುಗ್ತು. ಆಮೇಲೆ ಕಚ್ಚಿಕೊಳ್ತು."

"ಬೇರೆ ಬೀಗಕ್ಕೆ ಹಾಕಿದ್ರೆ ಆ ಸ್ವಲ್ಪವೂ ತಿರುಗಲ್ಲ. ನಿಂಗೇ ಗೊತ್ತು. ಎಷ್ಟು ಹೊತ್ತಲ್ಲಿ ಬಂದಿದ್ದೆ?"

"ಮೂರು ಗಂಟೆ. ಬಿಸಿಲು..."

ಕೆಲಸ ಕಲಿತವಳಲ್ಲವೇ, ಮಿಕ್ಕದ್ದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬಾಗಿಲಿನ ಮುಖ ಪಡುವಣಕ್ಕೆ. ಬಿಳಿ ಪ್ಲಾಸ್ಟಿಕ್ ಮಧ್ಯಾಹ್ನದ ಬಿಸಿಲಿಗೆ ಹಿಗ್ಗುತ್ತದೆ, ಕೊಕ್ಕೆಗಳು ಚೌಕಟ್ಟಿಗೆ ಒತ್ತಿಕೊಳ್ಳುತ್ತವೆ, ಬೀಗದ ಕೈ ಅರ್ಧಕ್ಕೆ ಕಚ್ಚುತ್ತದೆ. ಸಂಜೆ ತಂಪಾದರೆ ತಾನೇ ಸರಿಹೋಗುತ್ತದೆ. ಬೇಸಿಗೆಯಲ್ಲಿ ಇಂಥ ಹತ್ತಿಪ್ಪತ್ತು ಬಾಗಿಲನ್ನು ಅವಳೇ ಸರಿಮಾಡಿದ್ದಳು.

"ಬಿಸಿಲಿಗೆ ಅದು ಹಿಗ್ಗುತ್ತೆ," ಎಂದಳು ಬ್ರೆಂಡಾ ನಿಧಾನವಾಗಿ. "ನೀನು ಹೋದ ವರ್ಷವೇ ಶುರುವಾಗಿದ್ದು. ನಂಗೆ ಅಭ್ಯಾಸ ಆಗಿಬಿಟ್ಟಿದೆ. ನಮ್ಮ ಕಡೆಗೆ ಎಳೀಬೇಕು, ಎತ್ತಬೇಕು, ಆಮೇಲೆ ತಿರುಗಿಸಬೇಕು. ಸರಿಮಾಡು ಅಂದಾಗಲೆಲ್ಲ ಮುಂದಿನ ವಾರ ಅಂತಿದ್ದ."

"ಬಾಗಿಲ ಕೀಲಿನ ತಿರುಪಿಗೆ ಕಾಲು ಸುತ್ತು!" ಲೊರೇನಳ ದನಿ ಒಡೆಯಿತು. "ಮೂರು ನಿಮಿಷದ ಕೆಲಸ ಅಮ್ಮಾ! ಊರಲ್ಲಿರೋ ಬಾಗಿಲೆಲ್ಲ ಸರಿಮಾಡಿದ. ಇದೊಂದು ಮಾಡೋಕೆ ಆಗ್ಲಿಲ್ವಾ ಅವನಿಗೆ?"

ಈಗ ಅಳು ಬಂತು. ಇಷ್ಟು ವರ್ಷ ಅವಳು ಹೊತ್ತು ತಿರುಗಿದ್ದು ತನ್ನನ್ನು ಬೇಡವೆಂದವನ ಮೇಲಿನ ಸಿಟ್ಟನ್ನು. ಈಗಿನದು ಒಬ್ಬ ಮೈಗಳ್ಳ ಅಪ್ಪನ ಮೇಲಿನ ಸಿಟ್ಟು. ಬೇಡವೆಂದವನನ್ನು ದ್ವೇಷಿಸಿ ಹಾಯಾಗಿರಬಹುದಿತ್ತು. ಮೈಗಳ್ಳನನ್ನು ಏನು ಮಾಡುವುದು? ಎದುರು ನಿಂತು ಬೈಯುವಂತಿಲ್ಲ, ಅವನು ಈಗ ಎರಡು ಹಿಡಿ ಬೂದಿ.

ಬ್ರೆಂಡಾ ಕುರ್ಚಿಯೆಳೆದು ಕೂತಳು. "ಜುಲೈ ಶನಿವಾರ ಅಂದ್ರೆ ನಾನು ಅಂಗಡಿ ಕೆಲಸದಲ್ಲಿ. ಅವನು ಹಿತ್ತಲಲ್ಲಿ ಬೀನ್ಸ್ ಬಳ್ಳಿಗೆ ನೀರು ಹಾಕ್ತಾ ಇರ್ತಿದ್ದ. ಇಲ್ಲೇ ಇದ್ದ ಕಣೇ, ಹದಿನೈದು ಹೆಜ್ಜೆ ಹಿಂದೆ."

ಕೆಟಲು ಅರ್ಧ ತುಂಬಿ ಕೂತಿತ್ತು. ಯಾರಿಗೂ ಅದರ ನೆನಪಾಗಲಿಲ್ಲ.

"ಮಲಗೋ ಮುಂಚೆ ದಿನಾ ಕೆಳಗಿಳಿದು ನೋಡ್ತಿದ್ದ," ಎಂದಳು ಬ್ರೆಂಡಾ. "ನಾನು ಒಳಗಿನಿಂದ ಬೀಗ ಹಾಕಿ ಕೀನ ಅಲ್ಲೇ ಬಿಟ್ಟಿದ್ರೆ ಕೂಗಾಡೋನು. ಒಳಗೆ ಕೀ ಬಿಟ್ರೆ ಹೊರಗಿನ ಕೀ ಹೋಗಲ್ಲ ಬ್ರೆಂಡಾ, ಎಷ್ಟು ಸಲ ಹೇಳ್ಬೇಕು ಅಂತ. ತೆಗೆದು ಮೊಳೆಗೆ ಹಾಕಿಯೇ ಮಲಗೋನು. ಸಾಯೋ ಹಿಂದಿನ ದಿನವೂ, ಮೆಟ್ಟಿಲು ಇಳಿಯೋಕೆ ಉಸಿರಿರಲಿಲ್ಲ, ಆದ್ರೂ ಇಳಿದ."

"ಹೊರಗಿನ ಕೀ ಯಾರ ಹತ್ರ ಇದೆ ಅಂತ ನೀನು ಕೇಳ್ಲಿಲ್ವಾ ಅಮ್ಮಾ?"

"ಕೇಳೋದೇನು. ನೀನೇ ಫೋನ್ ಮಾಡು ನೆವ್, ನೀನು ದೊಡ್ಡೋನು ಅಂತ ಎಷ್ಟು ಸಲ ಅಂದಿದ್ದೀನಿ. ಒಂದೇ ಉತ್ತರ. 'ಅವಳ ಹತ್ರ ಕೀ ಇದೆ.' ಬರೋ ಮನಸ್ಸಾದಾಗ ಬರ್ತಾಳೆ ಅಂತ." ಬ್ರೆಂಡಾ ಮಗಳ ಕೈ ಹಿಡಿದಳು. "ನಿಂಗೆ ಹೇಳೋಣ ಅಂದ್ರೆ ಅವನ ಹೆಸರೆತ್ತಿದ್ರೆ ಸಾಕು, ನೀನು ಕೈಚೀಲ ತಗೊಂಡು ಎದ್ದು ನಿಲ್ತಿದ್ದೆ. ಹೇಳ್ಬೇಕಿತ್ತು. ನಾನು ನಿನ್ನ ಕೋಟು ಹಿಡಿದು ಕೂರಿಸಿ ಹೇಳ್ಬೇಕಿತ್ತು."

ಲೊರೇನ್ ಮೂಗೊರೆಸಿಕೊಂಡು ಗೋಡೆಯ ಗಡಿಯಾರ ನೋಡಿದಳು. ಮೂರು ಗಂಟೆಗೆ ಐದು ನಿಮಿಷ. ಬೀಗದ ಕೈಯನ್ನು ಮೇಜಿನಿಂದ ಎತ್ತಿಕೊಂಡಳು.

"ಅಮ್ಮಾ, ಬಾಗಿಲು ಹಾಕು. ಒಳಗಿನಿಂದ ಬೀಗ ಹಾಕು."

"ಈಗ್ಲಾ? ಮನೆ ತುಂಬ ಜನ..."

"ಹಾಕ್ಬಿಡು ಬ್ರೆಂಡಾ," ಎಂದ ಇಕ್ಬಾಲ್.

*

ಚೀಲವನ್ನು ಇಕ್ಬಾಲನೇ ಎತ್ತಿ ಪಕ್ಕಕ್ಕಿಟ್ಟ. ಲೊರೇನ್ ಹೊರಗೆ ಹೋಗಿ ನಿಂತಳು. ಬಾಗಿಲು ಮುಚ್ಚಿತು, ಒಳಗೆ ಕೊಕ್ಕೆಗಳು ಕೂತ ಸದ್ದಾಯಿತು: ಮೇಲೊಂದು, ನಡುವೆ ಒಂದು, ಕೆಳಗೊಂದು. ಆಮೇಲೆ ಬೀಗದ ಕೈ ಹೊರಗೆಳೆದ ಸಣ್ಣ ಸದ್ದು. ಮಸುಕು ಗಾಜಿನಾಚೆ ಅಮ್ಮನ ಕರಿ ಬಟ್ಟೆ ಒಂದು ಮಬ್ಬು ಆಕಾರವಾಗಿ ನಿಂತಿತು. ಬಿಸಿಲು ಬಾಗಿಲಿಗೆ ನೇರ ಹೊಡೆಯುತ್ತಿತ್ತು.

ಅವಳು ಬೀಗದ ಕೈ ಹಾಕಿದಳು. ಬುಡದ ತನಕ ಹೋಯಿತು. ತಿರುಗಿಸಿದಳು. ಚೂರು ತಿರುಗಿ ಕಚ್ಚಿಕೊಂಡಿತು, ಅದೇ ಜಾಗದಲ್ಲಿ, ಆ ಜುಲೈ ದಿನದ ಹಾಗೆಯೇ.

ಟಪಾಲು ಹಾಕುವ ಕಿಂಡಿಯಿಂದ ಒಳಗಿನ ಮಾತೆಲ್ಲ ಕೇಳಿಸುತ್ತಿತ್ತು.

"ಏನಾಯ್ತು? ಯಾರು ಹೊರಗೆ?" ಮಾವಿಸಳ ದನಿ. "ಅಯ್ಯೋ, ನಮ್ಮ ಲೊರೇನ್ ಹೊರಗೆ ಸಿಕ್ಕಿಕೊಂಡಿದ್ದಾಳೆ! ಬಾಗಿಲು ತೆಗಿ ಬ್ರೆಂಡಾ, ಪಾಪ, ಬಿಸಿಲಲ್ಲಿ ನಿಂತಿದ್ದಾಳೆ."

ಗಾಜಿನಾಚೆಯ ಆಕಾರ ಕದಲಲಿಲ್ಲ.

"ಬೇಡ," ಎಂದಳು ಬ್ರೆಂಡಾ. "ಅವಳ ಹತ್ರ ಕೀ ಇದೆ."

ಲೊರೇನ್ ಎಡ ಕೈಯಿಂದ ಹಿಡಿಕೆಯನ್ನು ಹಿಡಿದಳು. ಅಂಗೈ ಚುರುಗುಟ್ಟುವಷ್ಟು ಕಾದಿತ್ತು. ಬಿಡದೆ ತನ್ನ ಕಡೆಗೆ ಎಳೆದಳು, ಮೇಲಕ್ಕೆ ಎತ್ತಿದಳು, ಬಲಗೈಯಿಂದ ತಿರುಗಿಸಿದಳು. ಬೀಗದ ಕೈ ಒಂದು ಪೂರಾ ಸುತ್ತು ಹೋಯಿತು. ಮೂರೂ ಕೊಕ್ಕೆಗಳು ಒಟ್ಟಿಗೆ ಹಿಂದೆ ಸರಿದವು.

ಅವಳು ಒಳಗೆ ಬಂದು ತನ್ನ ಹಿಂದೆ ಬಾಗಿಲು ಮುಚ್ಚಿದಳು. ಬೆಳಗಿನಿಂದ ತೆರೆದ ಬಾಗಿಲಿನ ಮರೆಯಲ್ಲಿದ್ದ ಗೋಡೆ ಈಗ ಕಾಣಿಸಿತು. ಅಲ್ಲೊಂದು ಮೊಳೆ, ಮೊಳೆಯಲ್ಲಿ ಅಮ್ಮ ಈಗಷ್ಟೇ ಹಾಕಿದ ಒಳಗಿನ ಬೀಗದ ಕೈ. ಅದರ ಕೆಳಗೆ, ಹೂಬಳ್ಳಿಯ ಗೋಡೆಕಾಗದದ ಮೇಲೆ, ದಿನವೂ ನೇತುಹಾಕಿದ ಬೀಗದ ಕೈ ತೂಗಾಡಿ ತೂಗಾಡಿ ಕೊರೆದ ಒಂದು ಗೀರು, ಕಾಗದ ಹರಿದು ಸುಣ್ಣ ಕಾಣುವಷ್ಟು ಆಳವಾಗಿ ಬಿದ್ದಿತ್ತು.